ಹಳೆ ಗಂಧದ ಆನೆಗೆ ಪರಿಮಳ ಇಲ್ಲ, ಅಸಲಿಯಾ ನಕಲಿಯಾ?

ಅಜ್ಜಿಯ ಪೆಟ್ಟಿಗೆಯಲ್ಲಿ ಬೆರಳುದ್ದದ ಗಂಧದ ಆನೆ ಸಿಕ್ಕಿದೆ, ಪರಿಮಳವೇ ಇಲ್ಲ, ಕಾಲೂ ಸವೆದಿದೆ, ವಾರ್ನಿಷ್ ಹೊಡೆಸಲಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ವಾರ್ನಿಷ್ ಬಿದ್ದರೆ ಇರುವ ಪರಿಮಳವೂ ಒಳಗೇ ಉಳಿದುಬಿಡುತ್ತದೆ.

ಹಳೆ ಗಂಧ ಮೇಲ್ಗಡೆ ಸಪ್ಪೆಯಾಗುತ್ತದೆ, ಅಷ್ಟೇ. ಪಾದದ ಅಡಿಗೆ ಸ್ಯಾಂಡ್ ಪೇಪರಿನಿಂದ ಎರಡು ಸಲ ಮೆಲ್ಲಗೆ ಉಜ್ಜಿ ಮೂಸಿ ನೋಡಿ. ಬೇರೆ ಮರಕ್ಕೆ ಸುಮ್ನೆ ಎಣ್ಣೆ ಸವರಿದ್ದರೆ ಒಳಗೆ ಏನೂ ಇರುವುದಿಲ್ಲ. ಹಾಗಂತ ಪರಿಮಳ ಬರಲಿಲ್ಲ ಎಂದು ಎಸೆಯಬೇಡಿ. ಗಂಧದ ಮರದಲ್ಲೂ ಪರಿಮಳ ಇರುವುದು ಚೇಗಿನಲ್ಲಿ, ಅಂದರೆ ಮರದ ಒಳತಿರುಳಿನಲ್ಲಿ. ಸುತ್ತಲಿನ ಬಿಳಿ ಮರಕ್ಕೆ ಇಲ್ಲ.

ನಮ್ಮ ಮನೆಯಲ್ಲೂ ಇಂಥದೇ ಒಂದಿದೆ. ಅಪ್ಪನ ಸೋದರತ್ತೆಯದು, ನಮಗೆ ಅವರು ಅಜ್ಜಿಯೇ. ಸಾಗರದ ಗುಡಿಗಾರರೊಬ್ಬರು ಕೆತ್ತಿದ್ದು. ಅಜ್ಜಿಯ ಅಪ್ಪ ಒಂದು ಮುಡಿ (ಹುಲ್ಲಿನಲ್ಲಿ ಬಿಗಿದು ಕಟ್ಟಿದ ಮೂಟೆ) ಅಕ್ಕಿ ಕೊಟ್ಟು ತಂದಿದ್ದರಂತೆ. ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದರಲ್ಲ, 1964ರಲ್ಲಿ ಮುಗಿದದ್ದು, ಅದರ ಹಿನ್ನೀರಿಗೆ ಅಜ್ಜಿಯ ಊರು ಹೋಯಿತು. ಲಾರಿಯಲ್ಲಿ ಮನೆಯ ತೊಲೆ, ಹಂಡೆ, ಒನಕೆ ಎಲ್ಲ ಬಂತು. ಆನೆ ಬಂದದ್ದು ಅಕ್ಕಿ ಮುಡಿಯೊಳಗೆ.

ಶಿವಮೊಗ್ಗದ ಹತ್ತಿರ ಬಯಲಿಗೆ ಬಂದು ಬಿದ್ದರು. ಮಳೆ ಊರಿನವರಿಗೆ ಅಲ್ಲಿಯ ಸೆಕೆ ಹೊಸದು. ಮಕ್ಕಳಿಗೆಲ್ಲ ಬೆವರುಸಾಲೆ. ಗಂಧದ ಕೊರಡು ಗಡಿಬಿಡಿಯಲ್ಲಿ ಹಳೆ ಮನೆಯಲ್ಲೇ ಉಳಿದಿತ್ತು. ಅಂಗಡಿಯ ಗಂಧದ ಪುಡಿ ಮೇಲೆ ಅಜ್ಜಿಗೆ ನಂಬಿಕೆ ಇಲ್ಲ. ಆನೆಯನ್ನೇ ಸಾಣೆಕಲ್ಲಿಗೆ ಹಿಡಿದರು! ಮೊದಲು ಅವರ ನಾಲ್ಕು ಮಕ್ಕಳಿಗೆ, ಆಮೇಲೆ ಮೊಮ್ಮಕ್ಕಳಿಗೆ, ರಜೆಗೆ ಹೋದ ನನಗೂ ಅದೇ ಆನೆ. "ಇವತ್ತು ಯಾವ ಕಾಲು ಅಜ್ಜಿ?" ಅಂತ ಕೇಳುತ್ತಿದ್ದೆವು. ಒಂದೇ ಕಾಲು ತೇಯ್ದರೆ ಆನೆ ಕುಂಟುತ್ತದೆ ಅಂತ ಅವರು ಸರದಿ ತಪ್ಪಿಸುತ್ತಿರಲಿಲ್ಲ. ಈಗ ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆ. ಷೋಕೇಸಿನಲ್ಲಿಟ್ಟರೆ ಬಂದವರು ಹಂದಿಯಾ ಅಂತ ಕೇಳುತ್ತಾರೆ.

ಇನ್ನೊಂದು ಮಾತು. ಹಳೆ ಆನೆಗಳಿಗೆ ಕೆಲವೊಮ್ಮೆ ನಿಜವಾದ ದಂತದ ಕೋರೆ ಕೂರಿಸಿರುತ್ತಾರೆ. ನಿಮ್ಮದರಲ್ಲಿ ಅಂಥದ್ದಿದ್ದರೆ ಮಾರಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ.

ಕಾಲು ಸವೆದಿದೆ ಅಂದಿರಲ್ಲ, ನಾಲ್ಕೂ ಒಂದೇ ಮಟ್ಟಕ್ಕೆ, ನುಣ್ಣಗೆ ಸವೆದಿವೆಯಾ? ಹಾಗಿದ್ದರೆ ನಿಮ್ಮಜ್ಜಿಯ ಸಾಣೆಕಲ್ಲು ಎಲ್ಲಿದೆ ಹುಡುಕಿ.