ಕನಸಲ್ಲಿ ಕಾನು, ಕಪಾಟಲ್ಲಿ ಸಾಲದ ಪತ್ರ

ಕನಸಲ್ಲಿ ಕತ್ತಲೆ ಕಾಡು ಬಂದರೆ ಶತ್ರುಕಾಟ, ಅಲ್ಲಿಂದ ಹೊರಗೆ ಬಂದರೆ ಧನಲಾಭ. ಮೊಬೈಲಲ್ಲಿ ಯಾರೋ ಹೇಳಿದ್ದನ್ನು ಕೇಳಿಕೊಂಡೇ ಅವರು ಶಿವಮೊಗ್ಗಕ್ಕೆ, ಮನಸ್ಸಿನ ತೊಂದರೆಗೆ ಸಲಹೆ ಕೊಡುವ ನನ್ನ ಹತ್ತಿರ ಬಂದಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ನಲವತ್ತು ದಾಟಿದವರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಮನೆಯವರು ಚೌಡಿಗೆ ಹರಕೆ ಹೊತ್ತಾಗಿತ್ತು, ಕವಡೆ ಹಾಕಿಸಿ ಕೇಳಿದ್ದೂ ಆಗಿತ್ತು. ಹರಕೆಯಿಂದ ಸಮಾಧಾನ ಸಿಗುವುದಾದರೆ ನನ್ನದೇನೂ ತಕರಾರಿಲ್ಲ. ಇವರಿಗೆ ಸಿಕ್ಕಿರಲಿಲ್ಲ, ಅಷ್ಟೇ.

ಕನಸು ಹೀಗೆ. ಮನೆ ಹಿಂದಿನ ಕಾನಿಗೆ ಸೊಪ್ಪು ತರಲು ಹೋಗಿದ್ದಾರೆ, ಇದ್ದಕ್ಕಿದ್ದಂತೆ ಕತ್ತಲಾಗುತ್ತದೆ. ಸ್ವಲ್ಪ ಮುಂದೆ ಯಾರೋ ಸೂಡಿ, ಅಂದರೆ ಪಂಜು, ಹಿಡಿದು ನಡೆಯುತ್ತಿದ್ದಾರೆ, ತಿರುಗಿ ನೋಡುವುದಿಲ್ಲ. ಕೂಗಿದರೆ ದನಿ ಇಲ್ಲ, ಓಡೋಣವೆಂದರೆ ಕಾಲು ಏಳುವುದಿಲ್ಲ. ಎಚ್ಚರವಾದಾಗ ಬೆಳಗಿನ ಜಾವ ಮೂರೂವರೆ, ನಾಲ್ಕು. ಮತ್ತೆ ಮಲಗಲು ಹೆದರಿ ಬಚ್ಚಲ ಒಲೆಗೆ ಬೆಂಕಿ ಹಾಕಿ ಅದರ ಮುಂದೆ ಕೂರುತ್ತಾರೆ.

ಕಾಲು ಏಳದಿರುವುದು ಪ್ರೇತದ ಕೆಲಸ ಅಂತ ಅವರಿಗೆ ಯಾರೋ ಹೇಳಿದ್ದರು. ಅದು ನಿದ್ದೆಯದೇ ಕೆಲಸ. ಗಾಢವಾದ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ದೆಯಲ್ಲಿ. 1953ರಲ್ಲಿ ಶಿಕಾಗೋದ ಸಂಶೋಧಕರು ಇದನ್ನು ಗುರುತಿಸಿದರು. ಆ ಹೊತ್ತಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತದೆ, ಕೈಕಾಲಿನ ಸ್ನಾಯು ಮಾತ್ರ ಸಡಿಲವಾಗಿಬಿಡುತ್ತವೆ. ರಾತ್ರಿ ಕಳೆದಂತೆ ಈ ನಿದ್ದೆಯ ಪಾಲು ಜಾಸ್ತಿಯಾಗುತ್ತದೆ, ಅದಕ್ಕೇ ಕೆಟ್ಟ ಕನಸು ಬೆಳಗಿನ ಜಾವಕ್ಕೇ ಬಂದು ಎಬ್ಬಿಸುತ್ತದೆ. ಇಷ್ಟು ಹೇಳಿದ್ದಕ್ಕೇ ಅವರು ಕುರ್ಚಿಗೆ ಒರಗಿ ಕೂತರು.

ಇನ್ನು ಅರ್ಥದ ಮಾತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಂಗ್ ಅಂಥವರು ಕಾಡನ್ನು ನಮ್ಮ ಅರಿವಿಗೆ ಬಾರದ ಮನಸ್ಸಿನ ಗುರುತು ಎಂದರು. ಯುರೋಪಿನ ಅಜ್ಜಿಕಥೆಗಳಲ್ಲೂ ಮಕ್ಕಳು ದಾರಿ ತಪ್ಪುವುದು ಕಾಡಲ್ಲೇ. ಆದರೆ ಮಲೆನಾಡಿನವರಿಗೆ ಕಾಡು ಅಂದರೆ ಹಿತ್ತಿಲ ಬಾಗಿಲು ತೆಗೆದರೆ ಸಿಗುವ ಜಾಗ, ಅಲ್ವಾ? 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಸೊರಬದ ಕ್ಯಾಸನೂರು ಕಾಡಲ್ಲಿ. ಆ ಕಾಯಿಲೆ ಕಂಡ ಮನೆಯವರ ಕನಸಿನ ಕಾಡು ಬೇರೆ, ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಬಿಟ್ಟು ಬಂದವರ ಕಾಡು ಬೇರೆ. ಎಲ್ಲರಿಗೂ ಒಂದೇ ಅರ್ಥ ಹೇಳುವ ಕನಸಿನ ಪುಸ್ತಕಗಳನ್ನು ನಾನು ನಂಬುವುದಿಲ್ಲ. ಕನಸು ಕಂಡವರನ್ನೇ ಕೇಳಬೇಕು.

ಕೇಳಿದೆ. ಹಗಲಲ್ಲಿ ಆ ಕಾನಲ್ಲಿ ದಾರಿ ತಪ್ಪಿದರೆ ಏನು ಮಾಡ್ತೀರಿ?

"ತಪ್ಪೋದು ಹೆಂಗೆ ಮೇಡಂ? ಹಳ್ಳದ ಸದ್ದು ಕೇಳುತ್ತಲ್ಲ. ನೀರಿನ ಗುಂಟ ಇಳಿದ್ರೆ ಸೀದಾ ನಮ್ಮ ತೋಟ."

ಕನಸಲ್ಲಿ ಹಳ್ಳದ ಸದ್ದು ಇದೆಯಾ?

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಲ್ಲ. ಜೀರುಂಡೆ ಸದ್ದೂ ಇಲ್ಲ."

ಸೂಡಿ ಹಿಡಿದವರು ಯಾರು ಅಂದಾಗ, ಅಪ್ಪನ ನಡಿಗೆ ಹಾಗೇ ಇತ್ತು ಅಂದರು. ಆಮೇಲೆ ಒಂದೊಂದೇ ಹೊರಗೆ ಬಂತು. ಅಪ್ಪ ಹೋದ ಮೇಲೆ ತೋಟದ ಲೆಕ್ಕವೆಲ್ಲ ಇವರ ತಲೆಗೆ. ಎಲೆಚುಕ್ಕಿ ರೋಗ ಬಂದು ಫಸಲು ಇಳಿದಿದೆ. ಸೊಸೈಟಿ ಸಾಲದ ಮೇಲೆ ಕೈಸಾಲ. ಹೆಂಡತಿಯ ಬಳೆ ಲಾಕರಿನಲ್ಲಿದೆ ಅಂತ ಆಕೆ ತಿಳಿದಿದ್ದಾರೆ, ಅವು ಅಡ ಬಿದ್ದು ಬಹಳ ದಿನವಾಗಿದೆ. ಬೆಂಗಳೂರಿನ ತಮ್ಮ ಹಿಸ್ಸೆ ಕೇಳುತ್ತಿದ್ದಾನೆ. ಪತ್ರಗಳೆಲ್ಲ ಕಪಾಟಲ್ಲಿ ಸೀರೆಗಳ ಕೆಳಗೆ, ಅದೂ ಹೆಂಡತಿಯ ಸೀರೆಗಳ ಕೆಳಗೇ! ಸಿಕ್ಕಿಬಿದ್ದರೆ ಸಾಕು ಅಂತ ಮನಸ್ಸು ಕಾಯುತ್ತಿತ್ತೇನೋ, ಅದು ನನ್ನ ಊಹೆ.

ಇಂಥ ಕಡೆ ಒಂದು ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳಲೇಬೇಕು. ಸಾಯಬೇಕು ಅನಿಸಿದೆಯಾ? ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುತ್ತದೆ ಅನ್ನುವುದು ಸುಳ್ಳು. "ಮಲಗಿದವನು ಏಳದಿದ್ರೆ ಸಾಕು ಅನಿಸಿದೆ, ಮಾಡಿಕೊಳ್ಳೋ ಯೋಚನೆ ಇಲ್ಲ" ಅಂದರು. ತೋಟಕ್ಕೆ ಹೊಡೆಯುವ ಔಷಧಿ ಇಡುವ ಕೋಣೆಯ ಬೀಗದ ಕೈ ಇವತ್ತಿನಿಂದ ಮನೆಯವರ ಹತ್ತಿರ ಇರಲಿ ಅಂದೆ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್, ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲೇ ಕೂತು ಅವರ ಮೊಬೈಲಿಗೆ ಹಾಕಿಸಿದೆ. ಮನೋವೈದ್ಯರಿಗೂ ಒಂದು ಚೀಟಿ ಬರೆದುಕೊಟ್ಟೆ.

ಕನಸಿಗೆ ಕೊಟ್ಟ ಸಲಹೆ ಸರಳ. ಹಗಲಲ್ಲಿ, ಎಚ್ಚರವಿದ್ದಾಗ, ಅದೇ ಕನಸನ್ನು ಬೇರೆ ಥರ ಬರೆಯುವುದು. ಬರೆದದ್ದನ್ನು ದಿನಾ ಹತ್ತು ಹದಿನೈದು ನಿಮಿಷ ಕಣ್ಣು ಮುಚ್ಚಿ ನೋಡುವುದು. ಪದೇ ಪದೇ ಬೀಳುವ ಕೆಟ್ಟ ಕನಸಿಗೆ ಚೆನ್ನಾಗಿ ಕೆಲಸ ಮಾಡುವ ವಿಧಾನ ಇದು. ಹೇಗೆ ಬದಲಿಸಬೇಕು ಅಂತ ನಾನು ಹೇಳಿಕೊಡಲಿಲ್ಲ. ಅವರೇ ಬರೆದರು: ಕತ್ತಲಾಗುತ್ತದೆ, ನಿಲ್ಲುತ್ತೇನೆ, ಹಳ್ಳದ ಸದ್ದು ಕೇಳುತ್ತದೆ, ಸೂಡಿ ಹಿಡಿದವರನ್ನು ಹೋಗಲು ಬಿಟ್ಟು ನಾನು ಕೆಳಗೆ ಇಳಿಯುತ್ತೇನೆ. ಅಪ್ಪನ ಹಿಂದೆ ಓಡುವುದನ್ನು ಬಿಟ್ಟಿದ್ದು ನನಗೂ ಆಶ್ಚರ್ಯವೇ.

ಸಂಜೆ ಹಾಕುತ್ತಿದ್ದ ಎರಡು ಪೆಗ್ ಬಗ್ಗೆಯೂ ಮಾತಾಯಿತು. ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ರಾತ್ರಿಯ ಕೊನೆಯ ಪಾಲನ್ನು ಅದೇ ಕೆಡಿಸುತ್ತದೆ. ಕೆಲವು ಬಿಪಿ ಮಾತ್ರೆಗಳೂ ಇಂಥ ಕನಸು ತರಬಲ್ಲವು, ಹಾಗಾಗಿ ಅವರ ಮಾತ್ರೆ ಯಾವುದೆಂದು ಡಾಕ್ಟರನ್ನು ಕೇಳಲು ಹೇಳಿದೆ. ತಾವಾಗಿ ನಿಲ್ಲಿಸಬಾರದು.

ಕಷ್ಟದ್ದು ಉಳಿದದ್ದು, ಹೆಂಡತಿಗೆ ಹೇಳುವುದು. ಎಲ್ಲವನ್ನೂ ಒಂದೇ ರಾತ್ರಿ ಸುರಿಯಬೇಡಿ, ಮಕ್ಕಳು ಮಲಗಿದ ಮೇಲೆ ಹೇಳುವುದೂ ಬೇಡ, ಮಧ್ಯಾಹ್ನ ಪತ್ರ ಮುಂದಿಟ್ಟುಕೊಂಡು ಹೇಳಿ, ಮೊದಲು ಬಳೆ ವಿಷಯ ಅಂದೆ. ಆಕೆ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಇಬ್ಬರೂ ಸೊಸೈಟಿಗೆ ಹೋಗಿ ಕಂತಿನ ಬಗ್ಗೆ ಕೇಳಿ ಬಂದಿದ್ದಾರೆ.

ಕನಸು ಪೂರ್ತಿ ನಿಂತಿಲ್ಲ, ಅಪರೂಪಕ್ಕೆ ಬರುತ್ತದೆ. ತಮ್ಮನ ಹಿಸ್ಸೆಯ ಮಾತು ಇನ್ನೂ ಮುಗಿದಿಲ್ಲ. ಈಗ ಹೆಂಡತಿಗೆ ನಿದ್ದೆ ಹತ್ತುತ್ತಿಲ್ಲವಂತೆ. ಮುಂದಿನ ಸಲ ಇಬ್ಬರೂ ಬನ್ನಿ ಎಂದಿದ್ದೇನೆ.