ಚಿತ್ರದುರ್ಗದಲ್ಲಿ ಈಗ ಅರಸರೇ ಇಲ್ಲ, ಹಾಗಾದರೆ ಅಲ್ಲಿನ ಮುರುಘಾ ಮಠದ ರಾಜಗುರು ಪೀಠ ಹೇಗೆ ಉಳಿಯಿತು?

ಯಾಕಂದ್ರೆ ಅದು ಅರಸರು ಕೊಟ್ಟ ನೌಕರಿ ಆಗಿರಲಿಲ್ಲ. ಗುರುವಿನಿಂದ ಶಿಷ್ಯನಿಗೆ ಬರುವ ಪೀಠ. ಆಸ್ಥಾನ ಹೋದರೆ ಮಠವೂ ಹೋಗಬೇಕೆಂದಿಲ್ಲ, ಅಲ್ವಾ?

1689ರಲ್ಲಿ ಪಟ್ಟಕ್ಕೆ ಬಂದ ಬಿಚ್ಚುಗತ್ತಿ ಭರಮಣ್ಣ ನಾಯಕ, ಮುರಿಗೆ ಶಾಂತವೀರ ಸ್ವಾಮಿಗಳನ್ನು ಗುರುವಾಗಿ ಒಪ್ಪಿ ಮಠ ಕಟ್ಟಿಸಿದ. ಸುಮ್ನೆ ಭಕ್ತಿಯಿಂದ ಮಾತ್ರ ಅಲ್ಲ ಅಂತ ನನಗನಿಸುತ್ತದೆ. ದುರ್ಗದ ಅರಸರಾದ ನಾಯಕರು ಬೇಡ ಸಮುದಾಯದವರು, ಮಠದ ಭಕ್ತರಲ್ಲಿ ಲಿಂಗಾಯತರು ಜಾಸ್ತಿ. ಗುರುವಿನ ಆಶೀರ್ವಾದ ಇದ್ದರೆ ಆ ಜನರೂ ಅರಸನನ್ನು ತಮ್ಮವನೆಂದು ಒಪ್ಪುತ್ತಿದ್ದರು, ಮಠಕ್ಕೂ ಅರಮನೆಯ ಆಸರೆ ಸಿಗುತ್ತಿತ್ತು.

1779ರಲ್ಲಿ ಹೈದರಾಲಿ ಕೋಟೆ ಹಿಡಿದು ಮದಕರಿ ನಾಯಕನನ್ನು ಸೆರೆ ಒಯ್ದ. ರಾಜ್ಯ ಮುಗಿಯಿತು. ಭಕ್ತರು ಊರೂರಲ್ಲಿ ಇದ್ದೇ ಇದ್ದರು, ಪೀಠ ನಡೆದದ್ದು ಅವರಿಂದ. ಈಗ ರಾಜಗುರು ಅನ್ನೋದು ಬರೀ ಗೌರವ, ಅಧಿಕಾರ ಏನಿಲ್ಲ.