14 ವರ್ಷದ ಮಕ್ಕಳಿಗೆ ಡೋಪಿಂಗ್ ಬಗ್ಗೆ ಈಗಲೇ ಹೇಳಬೇಕಾ?

'ತಾಲ್ಲೂಕು ಮೈದಾನದಲ್ಲಿ 13ರಿಂದ 16 ವರ್ಷದ ಮಕ್ಕಳಿಗೆ ಓಟ ಕಲಿಸುತ್ತೇನೆ, ಡೋಪಿಂಗ್ (ಆಟದಲ್ಲಿ ನಿಷೇಧಿತ ಮದ್ದು ತಗೊಳ್ಳುವುದು) ವಿಷಯ ಎತ್ತಿದರೆ ಇಲ್ಲದ ಆಸೆ ಹುಟ್ಟಿಸಿದ ಹಾಗಾಗಲ್ವಾ' ಅಂತ ಕೇಳಿದ್ದೀರಿ. ನಾನೂ ಅಥ್ಲೆಟಿಕ್ಸ್ ಕೋಚ್. ಖಂಡಿತ ಈಗಲೇ ಹೇಳಿ. ನೀವು ಸುಮ್ಮನಿದ್ದರೂ ಹೇಳುವವರು ಬೇರೆ ಇದ್ದಾರೆ. ಜಿಮ್‌ನಲ್ಲಿ ಸಿಗುವ ಅಣ್ಣ, ಹಾಸ್ಟೆಲ್ ಸೀನಿಯರ್, ಫೋನಲ್ಲಿ ಬರುವ ರೀಲ್ಸ್. ಅವರಿಗಿಂತ ಮೊದಲು ನೀವು ಹೇಳಿರಬೇಕು.

ಆದರೆ ಮಕ್ಕಳಿಗಿಂತ ಮುಂಚೆ ತಿಳಿದುಕೊಳ್ಳಬೇಕಾದವರು ಕೋಚ್‌ಗಳು. ನಮ್ಮ ಅಶ್ವಿನಿ ಅಕ್ಕುಂಜಿ ಅವರ ವಿಷಯ ನೆನಪಿರಬಹುದು. ಉಡುಪಿ ಜಿಲ್ಲೆಯ ಸಿದ್ದಾಪುರದ ಹುಡುಗಿ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ ಗೆದ್ದರು. ಮರುವರ್ಷವೇ ಸ್ನಾಯು ಬೆಳೆಸುವ ಸ್ಟೀರಾಯ್ಡ್‌ನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಜೊತೆಗೆ ಓಡುತ್ತಿದ್ದ ಇತರ ಹುಡುಗಿಯರೂ ಸಿಕ್ಕಿಬಿದ್ದರು. ವಿದೇಶಿ ಕೋಚ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಮಾತ್ರೆಯಿಂದ ಹೀಗಾಯಿತು ಅಂತ ಅವರು ಹೇಳಿದರು. ಕೋಚ್ ಕೆಲಸ ಹೋಯಿತು. ಹುಡುಗಿಯರಿಗೆ ಮೊದಲು ಒಂದು ವರ್ಷ ನಿಷೇಧ, ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮೈಯಲ್ಲಿ ಏನು ಸಿಕ್ಕರೂ ಹೊಣೆ ಓಡುವವರದೇ, ಯಾರು ಕೊಟ್ಟರು ಅನ್ನುವುದು ಶಿಕ್ಷೆ ಎಷ್ಟು ಅನ್ನುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಕ್ಕಳು ನಮ್ಮ ಕೈಯಿಂದ ಏನು ಕೊಟ್ಟರೂ ನುಂಗುತ್ತಾರೆ, ಒಂದು ಪ್ರಶ್ನೆ ಕೇಳುವುದಿಲ್ಲ.

ಹಾಗಾಗಿ ನನ್ನ ಮೊದಲ ನಿಯಮ ಇಷ್ಟೇ. ಕೋಚ್ ಕೈಯಿಂದ ಮಾತ್ರೆ, ಪುಡಿ, ಟಾನಿಕ್ ಯಾವುದೂ ಮಕ್ಕಳಿಗೆ ಹೋಗಬಾರದು. ಪ್ರೋಟೀನ್ ಪೌಡರ್ ನಿಷೇಧಿತವಲ್ಲ, ನಿಜ. ಆದರೆ ಡಬ್ಬದ ಮೇಲೆ ಬರೆಯದ್ದು ಒಳಗೆ ಬೆರೆತಿರಬಹುದು. ಬೆಳೆಯುವ ಮಕ್ಕಳಿಗೆ ಮೊಟ್ಟೆ, ಹಾಲು, ಮುದ್ದೆ, ಕಾಳು, ಕಡಲೆಬೀಜ ಸಾಕು. ಆ ಡಬ್ಬದ ದುಡ್ಡಿಗೆ ಒಳ್ಳೆ ಶೂ ಕೊಡಿಸಿ ಅಂತ ಅಪ್ಪ ಅಮ್ಮನಿಗೆ ಹೇಳುತ್ತೇನೆ.

ಎರಡನೆಯದು ಮೆಡಿಕಲ್ ಶಾಪ್. ನಮ್ಮ ಕಡೆ ಅಪಾಯ ಜಾಸ್ತಿ ಇರುವುದು ಇಲ್ಲೇ. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಅನ್ನುವ ಔಷಧಿ ಇರುತ್ತದೆ, ಅದು ವರ್ಷವಿಡೀ ನಿಷೇಧಿತ. ಕ್ರಿಕೆಟಿಗ ಪೃಥ್ವಿ ಶಾ ಅವರಿಗೆ 2019ರಲ್ಲಿ ಅದರಿಂದಲೇ 8 ತಿಂಗಳ ನಿಷೇಧ ಬಿತ್ತು. ಜ್ವರಕ್ಕೆ ಊರಿನ ಕ್ಲಿನಿಕ್‌ಗಳಲ್ಲಿ ಬೇರೆ ಬಗೆಯ, ಚಿಕಿತ್ಸೆಗೆ ಬಳಸುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಸ್ಪರ್ಧೆಯ ಹೊತ್ತಿಗೆ ಅದೂ ತಪ್ಪೇ. ಇನ್ನು ಕೂಟದ ಹಿಂದಿನ ದಿನ ಸುಸ್ತು ಅಂತ ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವ ಅಭ್ಯಾಸ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆಗಲ್ಲದೆ 12 ಗಂಟೆಯಲ್ಲಿ 100 ಮಿಲಿಲೀಟರ್‌ಗಿಂತ ಜಾಸ್ತಿ ಡ್ರಿಪ್ ಹಾಕಿಸಿಕೊಂಡರೆ ಅದೇ ನಿಯಮ ಮುರಿದಂತೆ. ಬಾಟಲಿಯಲ್ಲಿ ಬರೀ ಗ್ಲೂಕೋಸ್ ಇದ್ದರೂ ಅಷ್ಟೇ! ಇದು ಎಷ್ಟೋ ಪಿ.ಟಿ. ಮೇಷ್ಟ್ರುಗಳಿಗೆ ಗೊತ್ತಿಲ್ಲ.

ಮಕ್ಕಳಿಗೆ ಹುಷಾರಿಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಔಷಧಿ ಬೇಡ ಅನ್ನಬೇಡಿ. 'ನಾನು ಅಥ್ಲೀಟ್, ಪರೀಕ್ಷೆ ಇರುತ್ತದೆ' ಅಂತ ಡಾಕ್ಟರ್‌ಗೆ ಹೇಳುವುದನ್ನು ಕಲಿಸಿ. ಚೀಟಿಯ ಫೋಟೊ ನಿಮಗೆ ಕಳಿಸಲಿ. ಆ ಔಷಧಿ ನಿಷೇಧಿತವೇ ಅಂತ ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ನೋಡಬಹುದು. ಅಸ್ತಮಾದಂಥ ಕಾಯಿಲೆಗೆ ನಿಷೇಧಿತ ಔಷಧಿಯೇ ಬೇಕಾದರೆ ಅನುಮತಿ ಪಡೆಯುವ ದಾರಿಯೂ ಇದೆ. ನಿಷೇಧಿತ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ, ಹೋದ ವರ್ಷದ್ದನ್ನು ನಂಬಿಕೊಂಡು ಕೂರಬೇಡಿ. ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾದ 'ಅಡೆಲ್' ತಾಣದಲ್ಲಿ ಕೋಚ್‌ಗಳಿಗೆ ಉಚಿತ ಪಾಠಗಳಿವೆ. ಮೊದಲು ನೀವು ಮಾಡಿ.

ಇನ್ನು ಮಕ್ಕಳ ಜೊತೆ ಮಾತು. ಪಟ್ಟಿ ಓದಿ ಹೆದರಿಸಬೇಡಿ. ಮೈ ಬೆಳೆಯುವುದರ ಬಗ್ಗೆ ಹೇಳಿ. 14-15ರಲ್ಲಿ ಕೆಲವರ ಟೈಮಿಂಗ್ ಒಂದೆರಡು ಸೀಸನ್ ಸುಧಾರಿಸದೆ ನಿಂತುಬಿಡಬಹುದು, ಹುಡುಗಿಯರಲ್ಲಿ ಇದು ಇನ್ನೂ ಜಾಸ್ತಿ. ಅದು ಸಹಜ ಅಂತ ನಾವು ಹೇಳದಿದ್ದರೆ, 'ನಿನಗೆ ಏನೋ ಕೊಡ್ತೀನಿ ಬಾ' ಅನ್ನುವವನ ಮಾತು ಸರಿ ಅನ್ನಿಸುತ್ತದೆ. ಆ ವಯಸ್ಸಿಗೆ ಸ್ನಾಯು ಬೆಳೆಸುವ ಸ್ಟೀರಾಯ್ಡ್ ತಗೊಂಡರೆ ಮೂಳೆಯ ಬೆಳವಣಿಗೆ ಬೇಗ ನಿಂತು ಎತ್ತರವೇ ಕಮ್ಮಿಯಾಗಬಹುದು ಅಂತಲೂ ಹೇಳಿ. ಇದು ಅವರಿಗೆ ನಾಟುತ್ತದೆ. ಮನೆಯವರನ್ನೂ ಕೂರಿಸಿಕೊಂಡು ಮಾತಾಡಿ. ಸ್ಪೋರ್ಟ್ಸ್ ಕೋಟಾ ಸೀಟು, ರೈಲ್ವೆ ಕೆಲಸ ಅನ್ನುವ ಒತ್ತಡ ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ.

ಇದೆಲ್ಲ ದೊಡ್ಡ ಆಟಗಾರರ ಸಮಸ್ಯೆ ಅನ್ನುವವರಿಗೆ 2023ರ ದೆಹಲಿ ರಾಜ್ಯ ಕೂಟ ನೆನಪಿಸಿ. ಕ್ರೀಡಾಂಗಣದ ಶೌಚಾಲಯದಲ್ಲಿ ಸಿರಿಂಜ್ ಬಿದ್ದಿದ್ದ ವಿಡಿಯೊ ಹರಡಿತು, ಪರೀಕ್ಷೆ ಮಾಡಲು ನಾಡಾದವರು ಬಂದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ, ಉಳಿದವರು ಬರಲೇ ಇಲ್ಲ. ಅದೇ ವರ್ಷ ನಮ್ಮ ದೇಶದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213 ಪಾಸಿಟಿವ್.

ನಿಮ್ಮ ಹುಡುಗನೊಬ್ಬ ಆಗಲೇ ಏನೋ ತಗೊಂಡಿದ್ದಾನೆ ಅಂತ ಗೊತ್ತಾದರೆ ಬೈದು ಓಡಿಸಬೇಡಿ. ಅವನನ್ನು ಮನೆಯವರ ಜೊತೆ ಡಾಕ್ಟರ್ ಹತ್ತಿರ ಕಳಿಸಿ, ಸ್ಪರ್ಧೆಯಿಂದ ದೂರ ಇಡಿ. ಕೊಟ್ಟವರು ಯಾರು ಅಂತ ತಿಳಿದುಕೊಂಡು ನಾಡಾಕ್ಕೆ ತಿಳಿಸಿ. 16ರೊಳಗಿನ ಮಕ್ಕಳ ವಿಷಯದಲ್ಲಿ ನಿಯಮ ಸ್ವಲ್ಪ ಮೆದು. ಮಕ್ಕಳಿಗೆ ಕೊಟ್ಟ ಕೋಚ್‌ಗೆ ಮಾತ್ರ ಜೀವಮಾನದ ನಿಷೇಧದವರೆಗೂ ಶಿಕ್ಷೆ ಇದೆ.